ಹೆಳವ ಓದಿದ ವಂಶಾವಳಿ

ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗುವ ನಮ್ಮ ಹೆಳವ ಹೋದ ವರ್ಷ ಎಮ್ಮಿಗನೂರಿಗೆ ಬಂದಾಗ, ಆತನ ಕೆಮ್ಮು ಕೇಳಿಯೇ ನನಗೆ ದಿಗಿಲಾಯಿತು. ಹೊಳೆ ನಡುವಿನ ಗಡ್ಡೆಯಲ್ಲಿ ಬಾಳಿದ ನಮ್ಮ ಹಿರಿಯರ ಹೆಸರುಗಳು ಆತನೊಬ್ಬನಿಗೇ ಗೊತ್ತು. ಪುಸ್ತಕದ ಹಾಳೆಗಳೋ ಹಪ್ಪಳದಂತೆ ಮುರಿಯುತ್ತಿದ್ದವು. ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ, ಅದು ನಡೆಯುತ್ತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿಕೊಂಡೆ.

ಏಳು ತಲೆಮಾರು ಓದಿ ಮುಗಿಸಿದ ಮೇಲೆ, "ನನ್ನ ಮಗಳ ಹೆಸರೂ ಬರೀರಿ," ಎಂದೆ.

"ಹೆಣ್ಮಕ್ಕಳನ್ನ ಗಂಡನ ಮನಿ ಹೆಳವ ಬರಕೊಂತಾನ್ರಿ," ಎಂದ.

ನಾನು ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ, ಮದುವೆಯಾಗದೆ ಇದೇ ಮನೆಯಲ್ಲಿ ಎಪ್ಪತ್ತು ವರ್ಷ ಕಳೆದ ಸೋದರತ್ತೆ, ಆತನಿಗೆಂದು ಮೊರದ ತುಂಬ ನೆಲ್ಲು ತಂದವಳು, ಹೊಸ್ತಿಲಲ್ಲೇ ನಿಂತು ಕೇಳಿದಳು:

"ಹಂಗಾರ ನಾ ಯಾರ ಪುಸ್ತಕದಾಗ ಅದೀನಪ್ಪಾ?"