ಚೌಕ ಮಾಡಿಟ್ಟ ಗಿಳಿ

೨೦೦೩ನೇ ಇಸವಿಯಲ್ಲಿ ನಾನು ಮೊಳಕಾಲ್ಮೂರಿನಲ್ಲಿ ಸೀರೆಯ ಅಂಚುಗಳಿಗೆ ಗ್ರಾಫ್ ಬರೆಯುವ ಕೆಲಸ ಮಾಡುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೊದಲು ಕೂಲಿ ಮಗ್ಗದಲ್ಲಿ ನೇಯುತ್ತಿದ್ದೆ. ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತೂ ಕೂತೂ ಸೊಂಟ ಹಿಡಿದುಕೊಂಡ ಮೇಲೆ ಪೆನ್ಸಿಲ್ ಹಿಡಿದೆ. ನನ್ನ ಗ್ರಾಫ್ ನೋಡಿ ಹೊಡೆದ ಕಾರ್ಡಿನಲ್ಲಿ ಒಂದು ತೂತೂ ಆಚೆ ಈಚೆ ಆದದ್ದಿಲ್ಲ ಎಂದು ನಮ್ಮೂರಿನ ಯಾವ ನೇಕಾರನನ್ನು ಕೇಳಿದರೂ ಹೇಳುತ್ತಿದ್ದ. ಈ ಮಾತನ್ನು ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.

ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಮಗ್ಗದ ನೆತ್ತಿಯ ಮೇಲೆ ಜಕಾರ್ಡು ಎಂಬ ಯಂತ್ರ ಕೂತಿರುತ್ತದೆ. ಅದಕ್ಕೆ ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಮಾಲೆ ಕಟ್ಟಿ ಹಾಕುತ್ತೇವೆ. ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ. ಹೊಕ್ಕು ಎಂದರೆ ಲಾಳಿ ಅಡ್ಡಕ್ಕೆ ಎಳೆದೊಯ್ಯುವ ಎಳೆ. ಗ್ರಾಫ್ ಹಾಳೆಯಲ್ಲಿ ನಿಂತ ಒಂದೊಂದು ಕಂಬ ಒಂದೊಂದು ಹಾಸಿನ ಎಳೆ, ಮಲಗಿದ ಒಂದೊಂದು ಸಾಲು ಒಂದೊಂದು ಹೊಕ್ಕು. ಒಂದು ಸಾಲಿಗೆ ಒಂದು ಕಾರ್ಡು. ಕಂಬವೂ ಸಾಲೂ ಕೂಡುವ ಮನೆಯನ್ನು ತುಂಬಿದರೆ ತೂತು, ಖಾಲಿ ಬಿಟ್ಟರೆ ಇಲ್ಲ. ಗಿಳಿಯಾಗಲಿ ಹಂಸವಾಗಲಿ, ಎಲ್ಲ ಹುಟ್ಟುವುದು ಹೀಗೇ.

ಆ ವರ್ಷ ನೇಯ್ಗೆಗೆಂದೇ ಬರುತ್ತಿದ್ದ ಗ್ರಾಫ್ ಹಾಳೆ ಸಿಗದಂತಾಯಿತು. ಬಳ್ಳಾರಿಯ ಅಂಗಡಿಯವನು, "ಯಾರೂ ಕೇಳಲ್ಲ ಬಿಡ್ರಿ, ತರ್ಸೋದು ನಿಲ್ಲಿಸ್ಬಿಟ್ಟೀನಿ" ಎಂದುಬಿಟ್ಟ. ಹಾಗಾಗಿ ನಾನು ಬಸ್ಸು ಹತ್ತಿ ಚಳ್ಳಕೆರೆಗೆ ಹೋಗಿ ಕಂಪ್ಯೂಟರ್ ಮುಂದೆ ಕೂರಬೇಕಾಯಿತು. ಎಣ್ಣೆ ಮಿಲ್ಲಿನ ಪಕ್ಕದ ಮಾಳಿಗೆಯಲ್ಲಿ ಶೈಲಜಾ ಮೇಡಂ ಎಂಬುವವರು ಒಂದು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದರು. ಇಡೀ ಕೋಣೆಗೆ ಶೇಂಗಾ ಹಿಂಡಿಯ ವಾಸನೆ. ಅವರು ಸ್ಪ್ರೆಡ್‌ಶೀಟ್ ತೆಗೆದು ತೋರಿಸಿ, "ನಿಮಗೆ ಬೇಕಿರೋ ಮನೆಗಳು ಇವೇ ಅಲ್ವಾ ಓಬಳೇಶಪ್ಪನೋರೆ?" ಎಂದರು. ಆ ತಂತ್ರಾಂಶದಲ್ಲಿ ಅಡ್ಡಕ್ಕೆ ಇನ್ನೂರೈವತ್ತಾರು ಕಂಬಗಳಿದ್ದವು. ನಮ್ಮ ಜಕಾರ್ಡಿಗೆ ಎಳೆ ಎತ್ತುವ ಇನ್ನೂರ ನಲವತ್ತು ಕೊಕ್ಕೆ. ದೇವರೇ ಅಳತೆ ಕೊಟ್ಟು ಮಾಡಿಸಿದ್ದಾನೆ ಅಂದುಕೊಂಡೆ. ಆ ಸಂತೋಷ ಒಂದು ದಿನ ಉಳಿಯಿತು.

ಮೊದಲ ತಕರಾರು, ಮನೆಗಳು ಇಟ್ಟಿಗೆಯ ಹಾಗೆ ಅಡ್ಡಡ್ಡ ಮಲಗಿದ್ದವು. ಅಗಲ ಕಡಿಮೆ ಮಾಡಿ, ತೂತಿನ ಗುರುತಿಗೆ ಒಳಗೆ ಒಂದು ಎಂಬ ಅಂಕಿ ಬರೆದರೆ, ಒಂದರ ಬದಲು ಚಾಪೆ ಹೆಣೆದಂಥ ಒಂದು ಗುರುತು ಬಂತು. ಜಾಗ ಸಾಲದಿದ್ದರೆ ಅಂಕಿಯ ಬದಲು ಅದು ಹಾಗೆ ತೋರಿಸುತ್ತದಂತೆ. ಜಾಗ ಸಾಲದು ಎಂದು ಬಾಯಿಬಿಟ್ಟು ಹೇಳಲು ಏನು ರೋಗ? ಕೊನೆಗೆ ಅಂಕಿ ಬಿಟ್ಟು ಮನೆಗೇ ಕಪ್ಪು ಬಣ್ಣ ತುಂಬುವುದು ಕಲಿತೆ. ನನ್ನ ಹತ್ತಿರ ಉಳಿದಿದ್ದ ಒಂದು ಹಳೆಯ ನೇಯ್ಗೆ ಗ್ರಾಫ್ ಹಾಳೆಯನ್ನು ಪರದೆಯ ಗಾಜಿಗೆ ಒತ್ತಿ ಹಿಡಿದು, ಕಂಬ, ಸಾಲುಗಳನ್ನು ಮೌಸಿನಿಂದ ಎಳೆದೆಳೆದು ಅಂದಾಜಿನ ಮೇಲೆ ಹೊಂದಿಸಿದೆ.

ಇಷ್ಟೆಲ್ಲ ಮಾಡಿದ್ದು ಸೂರಪ್ಪನ ಗಿಳಿ ಅಂಚಿಗಾಗಿ. ಸೂರಪ್ಪ ನಮ್ಮ ಬೀದಿಯ ನೇಕಾರ, ನನ್ನ ಓರಗೆಯವನು, ಮನೆಮಾತು ತೆಲುಗು. ಅವನ ತಂದೆ ಕಾಲದ ಗಿಳಿ ಅಂಚಿನ ಕಾರ್ಡುಗಳನ್ನು ಗೆದ್ದಲು ತಿಂದಿತ್ತು. ಉಳಿದದ್ದು ಅವನ ತಾಯಿಯ ಸೀರೆಯಿಂದ ಕತ್ತರಿಸಿಟ್ಟ ಒಂದು ಗೇಣು ಅಂಚು ಮಾತ್ರ. ಬೆಂಗಳೂರಿನ ಸೀರೆ ಅಂಗಡಿಯೊಂದು ಆ ಅಂಚನ್ನು ನೋಡಿ, ಇದೇ ಥರ ಒಂದು ಗೇಣು ಹೊಸದಾಗಿ ನೇಯ್ದು ತೋರಿಸಿದರೆ ವರ್ಷಪೂರ್ತಿ ಕೆಲಸ ಕೊಡುತ್ತೇವೆ ಎಂದಿತ್ತು. ಅಂಗಡಿಯ ಮನುಷ್ಯ ಬರುವುದು ತಿಂಗಳ ಕೊನೆಯ ಸೋಮವಾರ. ಅವನು ಬೇಡವೆಂದರೆ ಸೂರಪ್ಪ ಮಗ್ಗ ಬಿಚ್ಚಿ ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಹೆಂಡತಿ ಅನಸೂಯಮ್ಮ ತನ್ನ ಅಣ್ಣನಿಂದ ಅಲ್ಲಿ ಮಾತಾಡಿಸಿಯೂ ಆಗಿತ್ತು. ಅಷ್ಟೇ ಅಲ್ಲ, ಮಗ್ಗದ ಗುಂಡಿ ಮುಚ್ಚಲು ಒಂದು ಗಾಡಿ ಕೆಮ್ಮಣ್ಣು ತರಿಸಿ ಬಾಗಿಲ ಮುಂದೆ ಸುರಿಸಿದ್ದಳು.

"ಇದ್ಯಾಕವ್ವ ಈಗ್ಲೇ?" ಎಂದು ಕೇಳಿದೆ.

"ಗಾಡಿ ಸಿಕ್ಕಾಗ ತರಿಸ್ಬೇಕಲ್ಲ ಓಬಳೇಶಣ್ಣ. ಗಿಳಿ ಹಾರಿದ್ರೆ ಹಾರ್ಲಿ, ಇಲ್ದಿದ್ರೆ ಮಣ್ಣಂತೂ ರೆಡಿ ಐತೆ" ಎಂದಳು. ಆ ಮಣ್ಣಿನ ಗುಡ್ಡೆಯನ್ನು ದಾಟಿಯೇ ಸೂರಪ್ಪ ದಿನವೂ ಒಳಗೆ ಹೋಗಿ ಮಗ್ಗಕ್ಕೆ ಕೂರುತ್ತಿದ್ದ.

ಗಿಳಿಯನ್ನು ಪೂರ್ತಿ ಬರೆದು ಮುಗಿಸಿ, ಪ್ರಿಂಟ್ ತೆಗೆಯುವ ಮೊದಲು ಒಮ್ಮೆ ನೋಡಲಿ ಎಂದು ಸೂರಪ್ಪನನ್ನೂ ಚಳ್ಳಕೆರೆಗೆ ಕರೆದುಕೊಂಡು ಹೋದೆ. ಫೈಲ್ ತೆರೆದರೆ ನನ್ನ ಗಿಳಿ ಇಲ್ಲ. ಅಲ್ಲಿದ್ದದ್ದು ಕತ್ತು ಒಳಗೆಳೆದುಕೊಂಡ, ಹೊಟ್ಟೆಬಾಕನಂಥ ಏನೋ ಒಂದು ಹಕ್ಕಿ. ಪಕ್ಕದ ಕೋಣೆಯಲ್ಲಿ ಮೇಡಂ ಕ್ಲಾಸು ತೆಗೆದುಕೊಳ್ಳುತ್ತಿದ್ದರು, ಕೇಳಲಾಗಲಿಲ್ಲ. ಜೂಮ್ ಯಾರೋ ಬದಲಿಸಿರಬೇಕು ಎಂದು ಹಿಗ್ಗಿಸಿ ನೋಡಿದೆ, ಕುಗ್ಗಿಸಿ ನೋಡಿದೆ. ದೊಡ್ಡ ಡೊಳ್ಳು ಹೊಟ್ಟೆ, ಸಣ್ಣ ಡೊಳ್ಳು ಹೊಟ್ಟೆ, ಅಷ್ಟೇ ವ್ಯತ್ಯಾಸ.

ಸೂರಪ್ಪ ತಾಯಿಯ ಸೀರೆಯ ತುಂಡನ್ನು ಜೇಬಿನಿಂದ ತೆಗೆದು ಪರದೆಗೆ ಹಿಡಿದ. ನಮ್ಮವರ ಪದ್ಧತಿಯೇ ಅದು. ಬಣ್ಣವಾಗಲಿ ಬುಟ್ಟಾವಾಗಲಿ, ಹಳೆಯದರ ಪಕ್ಕ ಹೊಸದನ್ನು ಹಿಡಿದು ಕಣ್ಣಲ್ಲೇ ತೂಗುವುದು. ಬಟ್ಟೆಯ ಪಕ್ಕ ಬಟ್ಟೆ ಹಿಡಿದಾಗ ಆ ಪದ್ಧತಿ ಎಂದೂ ಮೋಸ ಮಾಡಿದ್ದಿಲ್ಲ.

"ಲೇ, ಇದು ಮುದ್ದೆ ಆಗೈತಲ್ಲೋ. ಇನ್ನೂ ಎತ್ತರಕ್ಕೆ ಎತ್ತು ಇದನ್ನ."

"ಬರೆದಾಗ ಸರಿ ಇತ್ತು ಕಣೋ."

"ಇತ್ತು ಅಂದ್ರೆ ಆತಾ? ಈಗ ಐತಾ? ನಾನು ಅಂಗಡಿಯೋನಿಗೆ ಇತ್ತು ಅಂತ ಹೇಳ್ಲಾ?"

ಮೂರು ಸಾಲಿಗೆ ಒಂದರಂತೆ ಸಾಲು ಸೇರಿಸುತ್ತಾ ಬಂದೆವು. ಪ್ರತಿ ಹೊಸ ಸಾಲೂ ಅದರ ಮೇಲಿನ ಸಾಲಿನ ನಕಲು. ಗಿಳಿ ನಿಧಾನವಾಗಿ ಎದ್ದು ನಿಂತಿತು, ಕತ್ತು ಬಂತು, ಕೊಕ್ಕು ಬಂತು. ಸೂರಪ್ಪ ತುಂಡನ್ನು ಹಿಡಿದು ನೋಡಿ ತಲೆಯಾಡಿಸಿದ. ಪ್ರಿಂಟ್ ತೆಗೆದು, ಕಾರ್ಡು ಹೊಡೆಸಿ, ಮಾಲೆ ಕಟ್ಟಿ ಜಕಾರ್ಡಿಗೆ ಏರಿಸಿದೆವು.

ಎರಡು ದಿನ ಬಿಟ್ಟು ಸೂರಪ್ಪನ ಮನೆಯಿಂದ ಕರೆ ಬಂತು. ಹೋದರೆ ಅವನು ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ಕೂತಿದ್ದಾನೆ. ಮಗ್ಗದ ಮೇಲೆ ಜರಿಯಲ್ಲಿ ನೇಯ್ದ ಹಕ್ಕಿ. ಕತ್ತು ಗೇಣುದ್ದವಿದೆಯೇನೋ ಎಂಬಂತೆ ಚಾಚಿಕೊಂಡಿದೆ. ಕೆರೆಯಲ್ಲಿ ಮೀನಿಗೆ ಹೊಂಚು ಹಾಕಿದ ಹಾಗೆ.

"ಏಮ್ರಾ ಓಬಳೇಶ, ಚಿಲುಕ ಕೇಳಿದ್ರೆ ಕೊಂಗ ಮಾಡಿಕೊಟ್ಟೀಯಲ್ಲೋ" ಎಂದ. ಗಿಳಿ ಕೇಳಿದರೆ ಕೊಕ್ಕರೆ ಕೊಟ್ಟೆ ಎಂದು ಅರ್ಥ.

"ಎತ್ತು ಎತ್ತು ಅಂದೋನು ಯಾರಲೇ?"

"ನಾನು ಅಂದೆ. ನಾನು ನೇಯೋನು. ಗ್ರಾಫ್ ಬರೆಯೋನು ನೀನಾ ನಾನಾ?"

ಅನಸೂಯಮ್ಮ ಬಗ್ಗಿ ನೋಡಿ, "ಕೊಕ್ಕರೆ ಆದ್ರೇನು, ಚೆನ್ನಾಗೇ ಐತೆ. ಬಳ್ಳಾರೀಲಿ ಜೀನ್ಸಿಗೆ ಹಾಕ್ಸಿ" ಎಂದು ಒಳಗೆ ಹೋದಳು. ನಗಲಿಲ್ಲ ಅವಳು. ಸೋಮವಾರಕ್ಕೆ ಐದು ದಿನ ಉಳಿದಿತ್ತು.

ಮರುದಿನ ಮೊದಲ ಬಸ್ಸಿಗೇ ಇಬ್ಬರೂ ಹೊರಟೆವು. ಮೇಡಂಗೆ ಕೊಕ್ಕರೆಯ ತುಂಡನ್ನು ತೋರಿಸಿ, ನಿಮ್ಮ ಯಂತ್ರ ಮಾಡಿದ ಕೆಲಸ ಇದು ಎಂದೆ. ಅವರು ಅದನ್ನೂ ಹಳೆಯ ತುಂಡನ್ನೂ ನೋಡಿದರು, ಪರದೆ ನೋಡಿದರು.

"ಅಯ್ಯೋ, ನಿಮ್ಮ ಮನೆಗಳೆಲ್ಲ ಹೆಚ್ಚುಕಮ್ಮಿ ಆಗಿದ್ವಲ್ಲ, ನಾನೇ ನೀಟಾಗಿ ಚೌಕ ಮಾಡಿಟ್ಟಿದ್ದೆ. ಗ್ರಾಫ್ ಅಂದ್ರೆ ಚೌಕ ತಾನೆ?"

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಬೆಳಿಗ್ಗೆ ವಿದ್ಯಾರ್ಥಿಗಳು ಬಂದು ಅದಿಲ್ಲ ಇದಿಲ್ಲ ಎನ್ನುತ್ತಾರೆಂದು ದಿನವೂ ಸಂಜೆ ಎಲ್ಲ ಕಂಪ್ಯೂಟರುಗಳನ್ನೂ ಮಾಮೂಲು ಸ್ಥಿತಿಗೆ ತರುವುದು ಅವರ ಶಿಸ್ತು. ಹಾಳೆಗೆ ಜಾಗ ಸಾಲದೆಂದು ನಾನು ತೆಗೆದಿಟ್ಟ ಟೂಲ್‌ಬಾರ್ ಮರುದಿನ ವಾಪಸು ಬರುತ್ತಿದ್ದದ್ದು, ಜೂಮ್ ನೂರಕ್ಕೆ ಹೋಗುತ್ತಿದ್ದದ್ದು ಎಲ್ಲ ಅದರಿಂದ. ನಾನು ಗಿಳಿ ಬರೆದು ಮುಗಿಸಿದ ದಿನ ಸಂಜೆ, ಉಪಕಾರ ಮಾಡೋಣವೆಂದು ನನ್ನ ಫೈಲಿಗೂ ಕೈ ಹಾಕಿದ್ದರು. ಉಪಕಾರ ಮಾಡಿದವರನ್ನು ಬೈಯುವುದು ಹೇಗೆ? ಬೈಯದೆ ಇರುವುದಾದರೂ ಹೇಗೆ?

ಸೂರಪ್ಪನೇ ಬಾಯಿಬಿಟ್ಟ. "ಬಟ್ಟೇಲಿ ಯಾವ ಮನೆ ಚೌಕ ಇರ್ತೈತಮ್ಮ? ಹಾಸು ಒತ್ತಾಗಿರ್ತೈತೆ, ಹೊಕ್ಕು ಅಷ್ಟು ಒತ್ತು ಬರಲ್ಲ."

"ಹಂಗಾದ್ರೆ ಎಷ್ಟಕ್ಕೆ ಎಷ್ಟು? ಅಂದಾಜು ಬೇಡ, ಲೆಕ್ಕ ಹೇಳಿ. ಸರಿಯಾದ ಲೆಕ್ಕ ಕೊಟ್ಟರೆ ಇದೂ ಸರಿಯಾಗಿ ತೋರಿಸುತ್ತೆ" ಎಂದರು ಮೇಡಂ.

ಅದು ನ್ಯಾಯವಾದ ಪ್ರಶ್ನೆ. ಹಳೆಯ ತುಂಡಿನ ಮೇಲೆ ಎಳೆ ಎಣಿಸುವ ಭೂತಗನ್ನಡಿ ಇಟ್ಟು ಸೂರಪ್ಪ ಎಣಿಸಿದ. ಹಾಸಿನ ನಾಲ್ಕು ಎಳೆ ಹಿಡಿಯುವ ಜಾಗದಲ್ಲಿ ಹೊಕ್ಕಿನದು ಮೂರೇ ಎಳೆ. ಎಂದರೆ ಮನೆಯ ಅಗಲ ಮೂರು ಪಾಲಾದರೆ ಎತ್ತರ ನಾಲ್ಕು ಪಾಲು. ಮೊದಲು ನಾನು ಅಂದಾಜಿನಲ್ಲಿ ಎಳೆದದ್ದೂ ಸುಮಾರು ಅಷ್ಟೇ ಇತ್ತು. ಚೌಕದಲ್ಲಿ ನೋಡಿದ್ದಕ್ಕೇ ಗಿಳಿ ಕುಳ್ಳಗಾಗಿ ಕಂಡದ್ದು. ಕುಳ್ಳಗೆ ಕಂಡದ್ದಕ್ಕೇ ಸಾಲು ಸೇರಿಸಿದ್ದು. ಸೇರಿಸಿದ್ದಕ್ಕೇ ಮಗ್ಗದಲ್ಲಿ ಅದು ಕೊಕ್ಕರೆಯಾದದ್ದು. ಗಿಳಿಯಲ್ಲಿ ದೋಷವೇ ಇರಲಿಲ್ಲ.

ಇನ್ನೇನು, ಮೂರಕ್ಕೆ ನಾಲ್ಕು ಎಂದು ಬರೆದರೆ ಆಯಿತಲ್ಲ? ಆಗಲಿಲ್ಲ. ಆ ತಂತ್ರಾಂಶದಲ್ಲಿ ಕಂಬದ ಅಗಲಕ್ಕೆ ಒಂದು ಅಳತೆ, ಸಾಲಿನ ಎತ್ತರಕ್ಕೆ ಇನ್ನೊಂದು. ಅಗಲವನ್ನು ಎಷ್ಟು ಅಕ್ಷರ ಹಿಡಿಯುತ್ತದೆ ಎಂದು ಅಳೆಯುತ್ತಾರಂತೆ, ಎತ್ತರವನ್ನು ಅಚ್ಚಿನವರ ಪಾಯಿಂಟ್ ಎಂಬ ಅಳತೆಯಲ್ಲಿ. ಒಂದೇ ಮನೆಗೆ ಅಗಲ ಮೊಳದಲ್ಲಿ, ಎತ್ತರ ಸೇರಿನಲ್ಲಿ! ಮೂರು, ನಾಲ್ಕು ಎಂದು ಬರೆದರೆ ಮನೆಗಳು ಚಪ್ಪಟೆಯಾಗಿ ಮಲಗಿಯೇ ಬಿಟ್ಟವು. ಸೂರಪ್ಪ, "ಇದನ್ನ ಮಾಡಿದೋನು ಒಂದು ದಿನಾನೂ ಮಗ್ಗ ನೋಡಿಲ್ಲ ಬಿಡು" ಎಂದ. ದಾರಿ ತೋರಿಸಿದವರು ಮೇಡಂ. ಕಂಬದ ಗೆರೆಯನ್ನು ಮೌಸಿನಲ್ಲಿ ಹಿಡಿದು ಎಳೆಯುವಾಗ ಪಕ್ಕದಲ್ಲಿ ಸಣ್ಣ ಚೀಟಿಯ ಹಾಗೆ ಪಿಕ್ಸೆಲ್ ಲೆಕ್ಕ ಕಾಣಿಸುತ್ತದೆ. ಪಿಕ್ಸೆಲ್ ಎಂದರೆ ಪರದೆಯ ಒಂದು ಚುಕ್ಕಿ, ಅದು ಅಡ್ಡಕ್ಕೂ ಉದ್ದಕ್ಕೂ ಒಂದೇ. ಹನ್ನೆರಡು ಪಿಕ್ಸೆಲ್ ಅಗಲ, ಹದಿನಾರು ಪಿಕ್ಸೆಲ್ ಎತ್ತರ. ತಂತ್ರಾಂಶ ಅಗಲವನ್ನು ಒಂದು ಎಂದೂ ಎತ್ತರವನ್ನು ಹನ್ನೆರಡು ಎಂದೂ ಬರೆದುಕೊಂಡಿತು. ಬರೆದುಕೊಳ್ಳಲಿ, ಅದರ ಹಣೆಬರಹ.

ಸೇರಿಸಿದ್ದ ಸಾಲುಗಳನ್ನು ಒಂದೊಂದಾಗಿ ತೆಗೆಯಬೇಕಿತ್ತು. ಕೆಳಗೆ ಸರಿದಂತೆ ಎಳೆ ಎಣಿಸಲು ನಾನು ಹಾಳೆಯ ಮೊದಲ ಸಾಲಿನಲ್ಲಿ ಹಾಕಿಕೊಂಡಿದ್ದ ಗುರುತುಗಳು ಮಾಯವಾಗುತ್ತಿದ್ದವು. ಮೇಡಂ ಫ್ರೀಜ್ ಪೇನ್ಸ್ ಎಂಬುದನ್ನು ಹಾಕಿಕೊಟ್ಟರು. ಮೇಲಿನ ಸಾಲು ಮೊಳೆ ಹೊಡೆದಂತೆ ನಿಲ್ಲುತ್ತದೆ, ಉಳಿದದ್ದು ಸರಿಯುತ್ತದೆ. ಸೂರಪ್ಪ ತುಂಡು ನೋಡಿ ಕೂಗಿದ, ನಾನು ಅಳಿಸಿದೆ. ಗಿಳಿ ಪೂರ್ತಿ ಕಾಣಲೆಂದು ಜೂಮ್ ಐವತ್ತಕ್ಕೆ ಇಳಿಸಿದರೆ ಗೆರೆಗಳೆಲ್ಲ ಒತ್ತೊತ್ತಾಗಿ ಹಕ್ಕಿ ಪಂಜರದಲ್ಲಿ ಸಿಕ್ಕಿಬಿದ್ದಂತೆ ಕಂಡಿತು. ಟೂಲ್ಸ್, ಆಪ್ಷನ್ಸ್, ಅದರಲ್ಲಿ ವ್ಯೂ. ಗ್ರಿಡ್‌ಲೈನ್ಸ್ ಎಂಬಲ್ಲಿ ಟಿಕ್ ತೆಗೆದೆ. ಪಂಜರ ಮಾಯ. ಬಿಳಿಯ ಮೇಲೆ ಬರೀ ಗಿಳಿ. ಸೂರಪ್ಪ ಮೊದಲ ಸಲ ಕುರ್ಚಿಗೆ ಬೆನ್ನು ಆನಿಸಿದ.

ಪ್ರಿಂಟ್ ತೆಗೆದರೆ ಕಾಗದದಲ್ಲಿಯೂ ಗೆರೆ ಇಲ್ಲ! ಗೆರೆ ಇಲ್ಲದೆ ಕಾರ್ಡು ಹೊಡೆಯುವವನು ಮನೆ ಎಣಿಸುವುದು ಹೇಗೆ? ಪರದೆಯಲ್ಲಿ ಟಿಕ್ ವಾಪಸು ಹಾಕಿದೆ. ಪರದೆಗೆ ಗೆರೆ ಬಂತು, ಕಾಗದಕ್ಕೆ ಬರಲಿಲ್ಲ. ಕಾಗದದ ಗೆರೆಗೆ ಪೇಜ್ ಸೆಟಪ್ಪಿನಲ್ಲಿ ಬೇರೆಯೇ ಟಿಕ್ ಇದೆಯಂತೆ. ಹೋದ ಸಲ ಪ್ರಿಂಟ್ ತೆಗೆಯುವ ಹೊತ್ತಿಗೆ ಕ್ಲಾಸು ಮುಗಿಸಿ ಬಂದ ಮೇಡಂ ಅದನ್ನು ತಾವೇ ಹಾಕಿಕೊಟ್ಟಿದ್ದರು, ನನಗೆ ಹೇಳಿರಲಿಲ್ಲ; ಅದು ಫೈಲಿನಲ್ಲಿ ಉಳಿದೂ ಇರಲಿಲ್ಲ. "ನೀವು ಕೇಳ್ಲಿಲ್ವಲ್ಲ" ಎಂದರು. ಗೊತ್ತಿಲ್ಲದ್ದನ್ನು ಹೇಗಮ್ಮ ಕೇಳುವುದು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೊರಡುವಾಗ ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲಿ 'ಸರಿಮಾಡಬೇಡಿ' ಎಂದು ಹೆಸರಿಟ್ಟೆ. ಮೇಡಂ ಓದಿ ನಕ್ಕರು. ಆಮೇಲೆ ಆ ಫೈಲನ್ನು ಮುಟ್ಟಲಿಲ್ಲ.

ಕಾರ್ಡು ಹೊಡೆಸಿ ಏರಿಸುವ ಹೊತ್ತಿಗೆ ಶನಿವಾರ. ಭಾನುವಾರ ಸೂರಪ್ಪ ಊಟಕ್ಕೂ ಏಳದೆ ನೇಯ್ದ. ಸೋಮವಾರ ಅಂಗಡಿಯ ಮನುಷ್ಯ ಬಂದು, ಬಾಗಿಲಲ್ಲಿ ಬಿದ್ದಿದ್ದ ಮಣ್ಣಿನ ಗುಡ್ಡೆಯನ್ನು ಬಳಸಿಕೊಂಡು ಒಳಗೆ ಬಂದ. ಹೊಸ ತುಂಡನ್ನು ಕೈಗೆತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದ, ತಿರುವಿ ಹಿಂಬದಿ ನೋಡಿದ, ಹಳೆಯದರ ಮೇಲೆ ಹೊಸದನ್ನು ಇಟ್ಟ. ಕೊಕ್ಕಿನ ಮೇಲೆ ಕೊಕ್ಕು ಕೂತಿತು. ಸೂರಪ್ಪ ಗುಂಡಿಯಿಂದ ಎದ್ದಿರಲಿಲ್ಲ. ಮೇಲೆ ನೋಡಲೂ ಇಲ್ಲ, ಲಾಳಿಯನ್ನು ಸುಮ್ಮನೆ ಕೈಯಲ್ಲಿ ತಿರುಗಿಸುತ್ತಿದ್ದ.

"ಸರಿ ಇದೆ. ಶುರು ಮಾಡಿ" ಎಂದ ಅಂಗಡಿಯವನು. ಇಷ್ಟು ಪಾಡಿಗೆ ಎರಡೇ ಮಾತು.

ಆಮೇಲೆ ನಾನು ಎಷ್ಟೋ ಅಂಚುಗಳನ್ನು ಕಂಪ್ಯೂಟರಿನಲ್ಲಿ ಬರೆದೆ. ಹೊಸ ಹಾಳೆ ತೆರೆದಾಗಲೆಲ್ಲ ಆ ಇಟ್ಟಿಗೆ ಮನೆಗಳು ಮತ್ತೆ ಎದುರಾಗುತ್ತಿದ್ದವು, ನನಗೆ ಮತ್ತೆ ಸಿಟ್ಟು ಬರುತ್ತಿತ್ತು. ಆದರೆ ಈ ಕೆಲಸ ಒಂದು ಪಾಠ ಕಲಿಸಿತು. ಮಾಡಿದ್ದು ಸೊಟ್ಟಗೆ ಕಂಡಾಗ ಮೊದಲು ಅದನ್ನು ತಿದ್ದಲು ಹೋಗಬಾರದು. ನೋಡುವ ಕಿಟಕಿ ನೆಟ್ಟಗಿದೆಯೇ ಎಂದು ಅಳೆಯಬೇಕು. ಕಿಟಕಿ ಸೊಟ್ಟಗಿದ್ದರೆ, ಅದಕ್ಕೆ ಒಪ್ಪುವ ಹಾಗೆ ತಿದ್ದಿದ ಒಳ್ಳೆಯ ಕೆಲಸವೂ ಕೆಡುತ್ತದೆ.

ಆ ಕೆಮ್ಮಣ್ಣು ಗುಂಡಿಗೆ ಬೀಳಲಿಲ್ಲ. ತರಿಸಿದ್ದು ದಂಡವಾಗಬಾರದು ಎಂದು ಅನಸೂಯಮ್ಮ ಅದರಲ್ಲೇ ಬಾಗಿಲ ಮುಂದೆ ಒಂದು ಜಗುಲಿ ಕಟ್ಟಿಸಿದಳು. ಸಂಜೆ ಅದರ ಮೇಲೆ ಕೂತು ಚಹಾ ಕುಡಿಯುವಾಗ ಒಳಗಿನಿಂದ ಮಗ್ಗದ ಸದ್ದು ಕೇಳುತ್ತದೆ. ಸೂರಪ್ಪ ಈಗಲೂ ಒಳಗಿನಿಂದಲೇ ಕೂಗುತ್ತಾನೆ: "ಲೇ ಕೊಕ್ಕರೆ, ಬಂದ್ಯಾ?"