ಭಂಡಾರ ಹಿಡಿದು ಓದಿದ ಅರ್ಜಿ

ಹನ್ನೆರಡನೆಯ ತರಗತಿ ಮುಗಿದ ಮೇಲೆ ಒಂದು ವರ್ಷ ನಾನು ಓದಲಿಲ್ಲ. ಆ ವರ್ಷ ಏಕೆ ಖಾಲಿ ಹೋಯಿತು ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ತರಲು ಸಾಂಗಲಿಯ ನರ್ಸಿಂಗ್ ಕಾಲೇಜಿನವರು ಹೇಳಿದರು. ಕಾರಣ ಒಪ್ಪಿಗೆಯಾದರೆ ಸೀಟು, ಇಲ್ಲವಾದರೆ ಇಲ್ಲ. ನರ್ಸ್ ಆಗದೆ ಬಿಡುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ.

ಬಾಲಗಾಂವದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ವರ್ಷವಿಡೀ ಕಾಮಾಲೆಯಿಂದ ಮಲಗಿದ್ದೆ ಎಂದು ಬರೆದೆ. ಹಸಿ ಸುಳ್ಳು. ಅಪ್ಪ ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ, ವರ್ಷವಿಡೀ ಕುರಿ ಕಾದವಳು ನಾನು. ಆದರೆ ಶಾಲೆಯಲ್ಲಿ ನನ್ನ ಪಕ್ಕ ಕುಳಿತು ಮೂಗು ಮುಚ್ಚಿಕೊಳ್ಳುತ್ತಿದ್ದ ಹುಡುಗಿಯರ ನೆನಪಾಗಿ, ಕುರಿ ಎಂದು ಬರೆಯಲು ನಾಚಿಕೆಯಾಯಿತು.

ಇದೆಲ್ಲ ನಿಜ ಎನ್ನಲು ಬರೀ ‘ಟ್ರೂ’ ಎಂದು ಬರೆದರೆ ಸಪ್ಪೆ ಎನಿಸಿತು. ಮೊಬೈಲಿನಲ್ಲಿ ಹುಡುಕಿ ‘ಅಬ್ಸೊಲ್ಯೂಟ್ಲಿ ಟ್ರೂ’ ಮಾಡಿದೆ. ಎರಡು ಸಾಲು ಬಿಟ್ಟು ‘ಕಂಪ್ಲೀಟ್ಲಿ ಟ್ರೂ’. ಸಹಿಯ ಮೇಲೆ ‘ಹಂಡ್ರೆಡ್ ಪರ್ಸೆಂಟ್ ಟ್ರೂ’. ನನ್ನ ಇಂಗ್ಲಿಷಿಗೆ ನಾನೇ ಬೆರಗಾದೆ, ಹುಚ್ಚಿ!

ರೊಟ್ಟಿ ಬಡಿಯುತ್ತಿದ್ದ ಅವ್ವ ಒಳಗಿನಿಂದಲೇ ಕೂಗಿದಳು. “ಏನ ಬರದೀ ಮಗಳ? ನಮ್ಮ ಮಾತಿನ್ಯಾಗ ಹೇಳು, ಕೇಳೂಣು.”

ಕಾಮಾಲೆಯ ಮಾತನ್ನು ಮೆಲ್ಲಗೆ ನುಂಗಿ, ಉಳಿದದ್ದನ್ನು ಹೇಳಿದೆ: ಇದು ಪೂರಾ ಖರೆ, ಅಗದೀ ಖರೆ, ನೂರಕ್ಕ ನೂರು ಖರೆ.

“ಇಷ್ಟ ಸಲ ಯಾಕ? ಸುಳ್ಳ ಅಂತ ಯಾರರ ಅಂದ್ರೇನ ನಿನಗ?”

ಅವ್ವ ಹಿಟ್ಟಿನ ಕೈ ತೊಳೆದು, ದೇವರ ಮುಂದಿನ ಭಂಡಾರದ ಚೀಲ ತಂದು ಚಿಟಿಕೆ ಅರಿಶಿನಪುಡಿಯನ್ನು ನನ್ನ ಅಂಗೈಗೆ ಹಾಕಿದಳು. ನಮ್ಮ ಕುರುಬರಲ್ಲಿ ಕುರಿ ಯಾರದೆಂಬ ಜಗಳ ಬಂದರೆ ಭಂಡಾರ ಹಿಡಿದು ಹೇಳಬೇಕು, ಅದೂ ಒಮ್ಮೆ ಮಾತ್ರ. ಯಾರೂ ಕೇಳದೆ ತಾನಾಗಿ ಎರಡನೆಯ ಸಲ ಹೇಳಿದವನಿಗೆ ಕುರಿ ಕೊಡುವುದಿಲ್ಲ.

“ಈಗ ಹೇಳು,” ಎಂದಳು.

ಹೇಳಲಾಗಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬಂತು. ಕುರಿ ಕಾದದ್ದು ಮುಚ್ಚಿಟ್ಟು ಕಾಮಾಲೆ ಎಂದು ಬರೆದದ್ದನ್ನು ಹೇಳಿಬಿಟ್ಟೆ. ಅವ್ವ ಬಯ್ಯಲಿಲ್ಲ. “ಕುರಿ ಕಾದಾಕಿ ಅಂತ ಸೀಟ ಕೊಡಲಿಲ್ಲಂದ್ರ ಆ ಕಾಲೇಜ ಬ್ಯಾಡ ಬಿಡು,” ಎಂದು ಒಲೆಯ ಕಡೆಗೆ ಹೋದಳು.

ಸೀಟು ನನಗೆ ಬೇಕೇಬೇಕಿತ್ತು. ಆದರೂ ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಅಪ್ಪ ಬಿದ್ದದ್ದು, ವಳಸಂಗದ ಹೊಲಗಳಲ್ಲಿ ರಾತ್ರಿ ಗೊಬ್ಬರಕ್ಕೆಂದು ಕುರಿ ತರುಬಿದ್ದು, ಬಿಳೂರಿನ ದಾರಿಯಲ್ಲಿ ಕುರಿಯ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ಮರಿಯನ್ನು ಕೈ ಹಾಕಿ ಹೊರಗೆ ತೆಗೆದದ್ದು, ಎಲ್ಲ ಬರೆದೆ. ಕೊನೆಗೆ ‘ಟ್ರೂ’, ಒಂದೇ ಒಂದು.

ಕಾಲೇಜಿನ ಮೇಡಂ ಅದನ್ನು ಎರಡು ಸಲ ಓದಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಇದೆಲ್ಲ ನಿಜವೇ ಎಂದು ಮರಾಠಿಯಲ್ಲಿ ಕೇಳಿದರು.

“ಹೋ,” ಹೌದು, ಎಂದೆ.

ಅವರು ಸುಮ್ಮನೆ ನೋಡುತ್ತಲೇ ಇದ್ದರು. ಅಪ್ಪನ ಎಕ್ಸ್‌ರೇ ಇದೆ, ಬೇಕಾದರೆ ಊರಲ್ಲಿ ವಿಚಾರಿಸಿ, ದೇವರಾಣೆ, ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು. ಖಾಲಿ ಅಂಗೈಯನ್ನು ಬಿಗಿಯಾಗಿ ಮುಚ್ಚಿಕೊಂಡೆ. ಅವರು ಪೆನ್ನು ತೆಗೆದು ಒಪ್ಪಿಗೆಯ ಸಹಿ ಮಾಡುವವರೆಗೂ ನಾನು ಬಾಯಿ ಬಿಡಲಿಲ್ಲ.