ಪಟ್ಟಣಕ್ಕೆ ಹತ್ತು ಮೊಳ ಮಲ್ಲಿಗೆ

ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಹೂವಿನ ಪಾಪಮ್ಮ ಗೊತ್ತಿಲ್ಲ ಎನ್ನುವವರು ನಿನ್ನೆ ಮೊನ್ನೆ ಬಾಡಿಗೆಗೆ ಬಂದವರೇ ಇರಬೇಕು. ಮೂವತ್ತು ವರ್ಷದಿಂದ ಅದೇ ಮೂಲೆ, ಅದೇ ಮಂಕರಿ, ಅದೇ ಬಾಯಿ. ಮೊಳ ಹಾಕುವಾಗ ಯಾರಾದರೂ ಆಕೆಯ ಮೊಣಕೈಯನ್ನು ದಿಟ್ಟಿಸಿದರೆ ಸಾಕು, "ಟೇಪು ತಂದಿದೀರಾ?" ಎಂದು ಕೇಳಿಬಿಡುತ್ತಾಳೆ. ಕೇಳಿದ ಮೇಲೆ ಒಂದು ಗೇಣು ಕೊಸರು ಹಾಕಿಯೇ ಕೊಡುತ್ತಾಳೆ. ಬಾಯಿಗೂ ಕೈಗೂ ಸಂಬಂಧವಿಲ್ಲದ ಹೆಂಗಸು.

ಆ ಬಾಯಿ ಒಂದು ಸಲ ಮಾತ್ರ ನಿಜವಾಗಿ ಕೆಟ್ಟ ಕೆಲಸ ಮಾಡಿತ್ತು. ಮಂಕರಿಯ ಆಚೆ ಬದಿಗೆ ಮುತ್ತವ್ವ ಕೂರುತ್ತಿದ್ದಳು. ಗದಗದ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದು, ಪಾಪಮ್ಮನ ಹತ್ತಿರವೇ ಹೂ ಕಟ್ಟುವುದನ್ನು ಕಲಿತು, ಇಪ್ಪತ್ತು ವರ್ಷ ಜೊತೆಗಿದ್ದವಳು. ಬೆಳಗಿನ ಮೊದಲ ವ್ಯಾಪಾರ, ಅಂದರೆ ಬೋಣಿ, ಯಾರ ಕೈಗೆ ಬಂದರೆ ಅವರದು. ಮೂರು ವರ್ಷದ ಹಿಂದೆ ಮುತ್ತವ್ವನ ಗಂಡ ತೀರಿಕೊಂಡ. ಆಮೇಲೆ ಬಂದ ವರಮಹಾಲಕ್ಷ್ಮಿ ಹಬ್ಬದ ಬೆಳಗ್ಗೆ, ಮೊದಲ ಗಿರಾಕಿಗೆ ಮುತ್ತವ್ವ ಹೂ ಅಳೆಯಲು ಹೋದಾಗ ಪಾಪಮ್ಮ ತಡೆದಳು.

"ನೀನು ಬಿಡೇ, ಹಬ್ಬದ ದಿನ. ಬೋಣಿ ನಾನು ಮಾಡ್ತೀನಿ."

ಮುತ್ತವ್ವ ಸರವನ್ನು ಮಂಕರಿಗೆ ಇಳಿಸಿದಳು. ಸಂಜೆಯವರೆಗೂ ಹೂ ಕಟ್ಟಿದಳು, ಒಂದು ಮೊಳವನ್ನೂ ಅಳೆಯಲಿಲ್ಲ. ಮರುವಾರ ಶ್ರೀರಂಗಪಟ್ಟಣಕ್ಕೆ, ಮಗಳ ಮನೆಗೆ ಹೊರಟುಹೋದಳು. ಪಾಪಮ್ಮ ಫೋನ್ ಮಾಡಲಿಲ್ಲ. ಬೇಕಾದರೆ ಅವಳೇ ಮಾಡಲಿ ಎಂದು ಕೂತಳು. ತಪ್ಪು ಮಾಡಿದವರೇ ಮುನಿಸಿಕೊಂಡು ಕೂರುವುದು ನಮ್ಮಲ್ಲಿ ಹೊಸದೇನಲ್ಲ.

ಈ ವರ್ಷ ಆಷಾಢ ಹುಟ್ಟುವ ಮುಂಚೆ ಪಾಪಮ್ಮನ ಗಂಡನೂ ಹೋದ. ತಿಥಿ ಮುಗಿಸಿ, ಒಂದು ಮಂಗಳವಾರ ಕುರುಬರಹಳ್ಳಿಯ ಮನೆಯಿಂದ ಮತ್ತೆ ತನ್ನ ಮೂಲೆಗೆ ಬಂದಳು. ಮೊದಲು ಬಂದವಳು ಧನ್ಯಶ್ರೀ, ಮೆಟ್ರೋ ಹತ್ತುವ ಮುಂಚೆ ದಿನವೂ ಹೂ ಕೊಳ್ಳುವ ಬ್ಯಾಂಕಿನ ಹುಡುಗಿ.

"ಒಂದು ಮೊಳ ಮಲ್ಲಿಗೆ, ಆಂಟಿ."

ಪಾಪಮ್ಮನ ಕೈ ಸರದ ಮೇಲೆಯೇ ನಿಂತಿತು. "ಆ ಕಡೆ ಅಂಗಡೀಲಿ ತಗೋ ತಾಯಿ. ಈಗ ನನ್ ಕೈಯಿಂದ ಬೋಣಿ ಬೇಡ."

"ನಿಮ್ ಕೈ ಹೂವು ಮುಡ್ಕೊಂಡು ಹೋಗಿದ್ದಕ್ಕೇ ನಂಗೆ ಕೆಲಸ ಸಿಕ್ಕಿದ್ದು. ಸುಮ್ನೆ ಅಳೀರಿ ಆಂಟಿ."

ಅಳೆದು ಕೊಟ್ಟಳು. ಕೊಟ್ಟ ಮೇಲೆ ಮುತ್ತವ್ವನ ಖಾಲಿ ಜಾಗ ಕಣ್ಣಿಗೆ ಬಿತ್ತು. ಅವತ್ತು ಮುತ್ತವ್ವನಿಗೆ ಇಂಥ ಮಾತು ಹೇಳುವವರು ಯಾರೂ ಇರಲಿಲ್ಲ, ಹೇಳಬೇಕಾಗಿದ್ದವಳು ತಾನೇ. ಪಾಪಮ್ಮನಿಗೆ ನಾಚಿಕೆಯಾಯಿತು.

"ಧನ್ಯಾ, ಫೋನಲ್ಲೇ ಎಲ್ಲಾ ತರಿಸ್ತೀಯಲ್ಲ, ಶ್ರೀರಂಗಪಟ್ಣಕ್ಕೆ ಇವತ್ತೇ ಹೂವು ಕಳಿಸೋಕಾಗುತ್ತಾ?"

"ಹೂವು ಮಾರೋರೇ ಹೂವು ಆರ್ಡರ್ ಮಾಡ್ತೀರಾ?"

"ಇಲ್ಲಿಂದ ಬಸ್ಸಿಗೆ ಹಾಕಿದ್ರೆ ಬಾಡುತ್ತೆ. ನಾನೇ ಹೋದ್ರೆ ಮುತ್ತವ್ವ ಬಾಗಿಲು ತೆಗೀತಾಳೋ ಇಲ್ವೋ. ಹೂವಿನ ಮುಖ ನೋಡಿಯಾದ್ರೂ ತೆಗೀಲಿ."

ಮೈಸೂರಿನ ಒಂದು ಅಂಗಡಿ 'ಇಂದೇ ತಲುಪಿಸುತ್ತೇವೆ' ಎಂದಿತ್ತು. ಪರದೆಯ ಮೇಲೆ ಬಣ್ಣದ ಕಾಗದ ಸುತ್ತಿದ ಗುಲಾಬಿಗಳು, ಪಕ್ಕದಲ್ಲೊಂದು ಗೊಂಬೆ ಕರಡಿ. "ಇದೇನು, ದಂಟಿನ ಸೊಪ್ಪಿನ ಕಟ್ಟಾ? ಮುಡಿಯೋ ಹೂವು ಬೇಕು ಕಣಮ್ಮ" ಎಂದಳು ಪಾಪಮ್ಮ. ಧನ್ಯಶ್ರೀ ಅಂಗಡಿಗೇ ಫೋನ್ ಮಾಡಿದಳು. ಕಟ್ಟಿದ ಹೂವು ತಮ್ಮಲ್ಲಿಲ್ಲ, ಆದರೆ ಶ್ರೀರಂಗಪಟ್ಟಣದಲ್ಲಿರುವ ತಮ್ಮ ಡೆಲಿವರಿಯವನು ಅಲ್ಲಿನ ಗುಡಿಯ ಮುಂದೆ ಹೂ ಮಾರುವವರಿಂದ ಕಟ್ಟಿಸಿ ಮನೆಗೆ ತಲುಪಿಸುತ್ತಾನೆ ಎಂದರು. ಪಾಪಮ್ಮ ಫೋನ್ ಕಿತ್ತುಕೊಂಡಳು.

"ಹತ್ತು ಮೊಳ. ನಾಲ್ಕು ಮಲ್ಲಿಗೆಗೆ ಎರಡು ಕನಕಾಂಬರ, ನಡುವೆ ಮರುಗ. ಬಾಳೆನಾರಲ್ಲೇ ಕಟ್ಟಿರ್ಬೇಕು, ದಾರ ಆಗಲ್ಲ!"

ಮನೆ ಎಲ್ಲಿ ಎಂದು ಕೇಳಿದರು. ಮುತ್ತವ್ವನ ಮಗಳ ಮದುವೆಗೆ ಹೋಗಿದ್ದಾಗ ಇಬ್ಬರೂ ಕಾವೇರಿಯಲ್ಲಿ ಮುಳುಗು ಹಾಕಿ, ಒದ್ದೆ ಸೀರೆಯಲ್ಲೇ ಕೋಟೆ ದಾಟಿ ನಡೆದ ದಾರಿ ನೆನಪಿತ್ತು. ಅದನ್ನೇ ತಿರುವು ತಿರುವಾಗಿ ಹೇಳಿದಳು.

ಧನ್ಯಶ್ರೀ ಮೆಟ್ರೋ ಹತ್ತಿದ ಮೇಲೆ ಪಾಪಮ್ಮನಿಗೆ ಭಯ ಹತ್ತಿತು. ಗಂಡನಿಲ್ಲದವಳಿಗೆ ಮುಡಿಯುವ ಹೂವು ಕಳಿಸಿದೆನಲ್ಲ, ಅಣಕ ಅಂದುಕೊಂಡರೆ? ಎರಡು ಸಲ ಮೊಳ ತಪ್ಪಿ ಅಳೆದಳು. ಗಿರಾಕಿಗಳಿಗೆ ಲಾಭವಾಯಿತು.

ಹನ್ನೊಂದು ಗಂಟೆಗೆ ಫೋನ್ ಬಂತು.

"ಯವ್ವಾ ಪಾಪಮ್ಮ, ಹುಚ್ಚಿ ಅದೀ ಏನ್ ನೀ?" ಮುತ್ತವ್ವನ ದನಿ. "ಮುಂಜಾನೆ ಒಬ್ಬಾಂವ ಗುಡಿ ಮುಂದ ಬಂದು ನನ್ನ ಕಡೆ ಹತ್ತು ಮೊಳ ಕಟ್ಟಿಸ್ಕೊಂಡು ಹೋದ. ಬಾಳೆನಾರು, ಮರುಗ ಅಂದಾಗನ ಸಂಶಯ ಬಂತು. ತಾಸಿನ ಮ್ಯಾಲೆ ಅವನ ತಿರುಗಿ ಬಂದ, ಮಗಳು ಇಲ್ಲಿಗೆ ಕಳಿಸ್ಯಾಳ, ಮುತ್ತವ್ವ ಅಂದ್ರ ನೀವಾ ಅಂತ. ನಾ ಕಟ್ಟಿದ ಹೂವು ನನಗ ಕೊಟ್ಟು ಹೋದ!"

"ನೀನು ಅಲ್ಲಿ ಹೂವು ಮಾರ್ತೀಯಾ?"

"ಮತ್ತೇನ್ ಮಾಡ್ಲಿ? ನೀ ಕಲಿಸಿದ್ದು ಅದೊಂದ."

ಪಾಪಮ್ಮ ಕೈಲಿದ್ದ ಸರವನ್ನು ಮಂಕರಿಗೆ ಇಳಿಸಿದಳು. "ಅವತ್ತು ಬೋಣಿ ಬೇಡ ಅಂದ್ನಲ್ಲ, ತಪ್ಪಾಯ್ತು ಕಣೇ. ನಮ್ಮೆಜಮಾನ್ರೂ ಹೋದ್ರು, ಮುತ್ತವ್ವ. ಇವತ್ತು ಸರ ಎತ್ತೋಕೆ ನನ್ ಕೈಯೇ ಬರ್ಲಿಲ್ಲ."

ಆ ಕಡೆ ಗುಡಿಯ ಗಂಟೆ ಕೇಳಿಸಿತು.

"ಆ ಹತ್ತು ಮೊಳ ಐತಲ್ಲ," ಎಂದಳು ಮುತ್ತವ್ವ, "ಇವತ್ತು ನನ್ನ ಬೋಣಿ ಅದ."

ಪಾಪಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎದುರು ನಿಂತ ಗಿರಾಕಿಗೆ ಸ್ವಲ್ಪ ಇರಿ ಎಂದು ಕೈಸನ್ನೆ ಮಾಡಿದಳು.

"ಮುಡ್ಕೊಂಡ್ಯಾ?"

"ಒಂದ್ ಮೊಳ ಮುಡ್ಕೊಂಡೀನಿ. ನೀನೂ ಮುಡ್ಕೋ."

"ಉಳಿದಿದ್ದು ಒಂಬತ್ತು?"

"ಮಾರೀನಿ. ಬೋಣಿ ಭಾಳ ಚಲೋ ಆಗಿತ್ತು."

ಪಾಪಮ್ಮ ಅಳುತ್ತಲೇ ನಕ್ಕಳು. ಫೋನ್ ಇಟ್ಟು ಮಂಕರಿಯಿಂದ ಒಂದು ಮೊಳ ಅಳೆದಳು. ರೂಢಿಯಂತೆ ಒಂದು ಗೇಣು ಕೊಸರು ಸೇರಿಸಿ ಕತ್ತರಿಸಿ, ತನ್ನ ತುರುಬಿಗೇ ಮುಡಿದುಕೊಂಡಳು.